ಸಹಾಯ ಬೇಕು: ಲಂಡನ್‌ಗೆ ಹೋದ ಮೇಲೂ ಡಾಟ್ ಇಯು ವಿಳಾಸ ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನಲ್ಲಿದ್ದೇವೆ, ಮುಂದಿನ ತಿಂಗಳು ಕೆಲಸದ ಮೇಲೆ ಲಂಡನ್‌ಗೆ ಹೋಗುತ್ತಿದ್ದೇವೆ. ನನ್ನ ಹೆಸರಿನಲ್ಲಿ ಒಂದು ಡಾಟ್ ಇಯು ಡೊಮೇನ್ (ಐರೋಪ್ಯ ಒಕ್ಕೂಟದ, .eu ಎಂದು ಕೊನೆಗೊಳ್ಳುವ ಜಾಲವಿಳಾಸ) ಇದೆ. ಜಾಲತಾಣ ಹೋದರೆ ಹೋಗಲಿ, ಆದರೆ ಬ್ಯಾಂಕು, ವಿಮೆ, ಮಗಳ ಶಾಲೆ ಎಲ್ಲಕ್ಕೂ ಕೊಟ್ಟಿರುವ ಇಮೇಲ್ ಅದರಲ್ಲೇ ಇದೆ.

ನಾನು ಭಾರತದ ಪ್ರಜೆ. ಐರೋಪ್ಯ ಒಕ್ಕೂಟದಲ್ಲಿ ವಾಸವಿರುವುದರಿಂದ ಮಾತ್ರ ನನಗೆ ಅರ್ಹತೆ. ಬ್ರೆಕ್ಸಿಟ್ ಆಗಿ ಬ್ರಿಟನ್ ಒಕ್ಕೂಟ ಬಿಟ್ಟಾಗ ಅಲ್ಲಿನವರ ಇಂಥ ಡೊಮೇನ್‌ಗಳನ್ನು 2021ರ ಜನವರಿಯಲ್ಲಿ ಸ್ಥಗಿತಗೊಳಿಸಿ, ಮರುವರ್ಷ ರದ್ದು ಮಾಡಿದ್ದು ನೆನಪಿರಬಹುದು. ಹಾಗಾಗಿ ಸುಮ್ಮನೆ ಕೂರುವ ಧೈರ್ಯವಿಲ್ಲ.

ನನ್ನ ಹೆಂಡತಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಜರ್ಮನಿಯ ಪ್ರಜೆಯಾಗಿದ್ದಾಳೆ. 2019ರ ಅಕ್ಟೋಬರ್‌ನಿಂದ ಒಕ್ಕೂಟದ ಪ್ರಜೆಗಳು ಜಗತ್ತಿನ ಎಲ್ಲಿದ್ದರೂ ಡಾಟ್ ಇಯು ಇಟ್ಟುಕೊಳ್ಳಬಹುದು. ಸರಿ, ಅವಳ ಹೆಸರಿಗೆ ಮಾಡೋಣವೆಂದು ಹೊರಟೆ. ವಿಳಾಸದಲ್ಲಿ ‘ಯುನೈಟೆಡ್ ಕಿಂಗ್‌ಡಮ್’ ಆರಿಸಿದ ಕೂಡಲೇ ಅರ್ಜಿ ಕೆಂಪಾಗಿ ನಿಂತುಬಿಡುತ್ತದೆ. ಪೌರತ್ವದ ದೇಶ ಯಾವುದೆಂದು ಕೇಳುವ ಜಾಗವೇ ಅದರಲ್ಲಿ ಇಲ್ಲ. ನೋಂದಣಿ ಕಂಪನಿಗೆ ಬರೆದರೆ, ‘ಒಕ್ಕೂಟದೊಳಗಿನ ವಿಳಾಸ ಕೊಡಿ’ ಎಂಬ ಸಿದ್ಧ ಉತ್ತರ. ಮ್ಯೂನಿಕ್‌ನ ಗೆಳೆಯರ ಮನೆ ವಿಳಾಸ ಹಾಕು ಎಂದವರೂ ಇದ್ದಾರೆ. ಸುಳ್ಳು ವಿಳಾಸ ಕೊಟ್ಟು ಡೊಮೇನ್ ಕಳೆದುಕೊಳ್ಳುವ ಆಸೆ ನನಗಿಲ್ಲ.

ಬ್ರಿಟನ್ನಿನಲ್ಲಿದ್ದು, ಪೌರತ್ವದ ಆಧಾರದ ಮೇಲೆ ಡಾಟ್ ಇಯು ಉಳಿಸಿಕೊಂಡವರು ಇಲ್ಲಿ ಇದ್ದೀರಾ? ಪೌರತ್ವದ ದೇಶ ನಮೂದಿಸಲು ಬಿಡುವ ನೋಂದಣಿ ಕಂಪನಿ ಯಾವುದು? ಹೆಸರು ಬದಲಾವಣೆಯನ್ನು ಮ್ಯೂನಿಕ್ ಬಿಡುವ ಮೊದಲೇ ಮುಗಿಸಬೇಕೇ, ಹೋದ ಮೇಲೂ ನಡೆಯುತ್ತದೆಯೇ?