ಎಲ್ಕ್ ಬೇಟೆಗೆ ಮ್ಯಾಚ್ ಗುಂಡು ಸಾಕೇ, ಬೇಟೆಯ ಗುಂಡೇ ಬೇಕೇ?

ಪ್ರಶ್ನೆ (ಡೆನ್ವರ್):
ಮಾನ್ಯರೇ, ಕೊಲೊರಾಡೊದಲ್ಲಿ ಹೆಣ್ಣು ಎಲ್ಕ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಬೇಟೆಯ ಪರವಾನಗಿ ನನಗೆ ದೊರೆತಿದೆ. ನನ್ನ ರೈಫಲ್ 6.5 ಕ್ರೀಡ್‌ಮೋರ್ ಎಂಬ ತೋಟಾ ಬಳಸುವಂಥದ್ದು. ಬೇಸಿಗೆಯುದ್ದಕ್ಕೂ ಹಾರ್ನಡಿ ಸಂಸ್ಥೆಯವರ 140 ಗ್ರೇನ್ (ಸುಮಾರು 9 ಗ್ರಾಂ) ತೂಕದ ಇಎಲ್‌ಡಿ ಮ್ಯಾಚ್ ಗುಂಡುಗಳಿಂದಲೇ, ಅಂದರೆ ಗುರಿ ಸ್ಪರ್ಧೆಗೆಂದು ಮಾಡಿದವುಗಳಿಂದಲೇ, ಅಭ್ಯಾಸ ಮಾಡಿದ್ದೇನೆ. ಅವು ಕಾಗದದ ಮೇಲೆ ಒಂದರ ಪಕ್ಕದಲ್ಲೊಂದು ಕೂರುತ್ತವೆ. ಅದೇ ಸಂಸ್ಥೆಯ 143 ಗ್ರೇನ್ ಇಎಲ್‌ಡಿ-ಎಕ್ಸ್ ಬೇಟೆಗೆಂದೇ ತಯಾರಾದದ್ದಾದರೂ ನನ್ನ ರೈಫಲ್‌ನಲ್ಲಿ ತುಸು ಹರಡುತ್ತದೆ. ಹೊರನೋಟಕ್ಕೆ ಎರಡೂ ಒಂದೇ, ಪ್ಲಾಸ್ಟಿಕ್ ಮೊನೆಯೂ ಎರಡಕ್ಕಿದೆ. ಹೆಚ್ಚು ನಿಖರವಾದದ್ದನ್ನೇ ಒಯ್ಯುವುದು ಪ್ರಾಣಿಗೂ ಒಳ್ಳೆಯದಲ್ಲವೇ? 300 ಗಜಕ್ಕಿಂತ ದೂರ ಹೊಡೆಯುವ ಉದ್ದೇಶ ನನಗಿಲ್ಲ.

ಉತ್ತರ 1:
ನಿಖರತೆಯ ಲೆಕ್ಕವನ್ನು ಮೊದಲು ಮುಗಿಸೋಣ. 100 ಗಜಕ್ಕೆ ಒಂದು ಅಂಗುಲದಲ್ಲಿ ಕೂರುವ ಗುಂಡು 300 ಗಜಕ್ಕೆ ಸುಮಾರು ಮೂರು ಅಂಗುಲ ಹರಡುತ್ತದೆ, ಒಂದೂವರೆ ಅಂಗುಲದ್ದು ನಾಲ್ಕೂವರೆ. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಇದಕ್ಕಿಂತ ಎಷ್ಟೋ ಅಗಲವಾಗಿರುವುದರಿಂದ, ಆ ವ್ಯತ್ಯಾಸ ನಿಮ್ಮ ದೂರದಲ್ಲಿ ಗಣನೆಗೆ ಬರುವುದಿಲ್ಲ.

ಗಣನೆಗೆ ಬರುವುದು ಚರ್ಮ ದಾಟಿದ ಮೇಲೆ ಗುಂಡು ಏನಾಗುತ್ತದೆ ಎಂಬುದು. ಇಎಲ್‌ಡಿ-ಎಕ್ಸ್‌ನ ತಾಮ್ರದ ಕವಚ ಹಿಂಭಾಗದಲ್ಲಿ ದಪ್ಪವಾಗಿದ್ದು, ಒಳಗಿನ ಸೀಸವನ್ನು ಹಿಡಿದಿಡಲು ಒಂದು ಬಳೆಯನ್ನೂ ಹೊಂದಿದೆ. ಮುಂಭಾಗ ಅಣಬೆಯಂತೆ ಅರಳಿದರೂ ಹಿಂಭಾಗ ಒಳಕ್ಕೆ ಸಾಗುತ್ತದೆ. ಮ್ಯಾಚ್ ಗುಂಡಿನಲ್ಲಿ ಈ ಏರ್ಪಾಡಿಲ್ಲ. ಹತ್ತಿರದಿಂದ ಹೆಗಲ ಮೂಳೆಗೆ ತಗುಲಿದರೆ ಅದು ಶ್ವಾಸಕೋಶ ತಲುಪುವ ಮೊದಲೇ ಚೂರಾಗಬಹುದು, ಆಗ ಗಾಯಗೊಂಡ ಪ್ರಾಣಿ ಕಾಡು ಸೇರುತ್ತದೆ. 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಬೇಟೆಗಾರ ಜಾನ್ ನೋಸ್ಲರ್ ಅವರ ಗುಂಡುಗಳು ಕೆಸರು ಮೆತ್ತಿದ ಒಂದು ಮೂಸ್‌ನ (ಜಿಂಕೆ ಜಾತಿಯ ಭಾರೀ ಪ್ರಾಣಿ) ಮೈಯಲ್ಲಿ ಆಳಕ್ಕಿಳಿಯದೆ ಒಡೆದುಹೋದದ್ದೇ, ನಡುವೆ ತಾಮ್ರದ ಗೋಡೆಯುಳ್ಳ ಪಾರ್ಟಿಶನ್ ಗುಂಡು ಹುಟ್ಟಲು ಕಾರಣವಾಯಿತು.

ಉತ್ತರ 2:
ಕಾನೂನನ್ನೂ ನೋಡಿಕೊಳ್ಳಿ. ಕೊಲೊರಾಡೊದಲ್ಲಿ ಎಲ್ಕ್‌ಗೆ ಬಳಸುವ ರೈಫಲ್ ಗುಂಡು ತಗುಲಿದಾಗ ಅರಳಿ ಹಿಗ್ಗುವಂಥದ್ದಾಗಿರಬೇಕು, ಕನಿಷ್ಠ 85 ಗ್ರೇನ್ ತೂಗಬೇಕು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿಸಿಕೊಂಡಿರಬೇಕು. ತೂಕ ಮತ್ತು ಶಕ್ತಿಯಲ್ಲಿ ನಿಮ್ಮ ರೈಫಲ್‌ಗೆ ತೊಂದರೆಯಿಲ್ಲ. ಪ್ರಶ್ನೆ ಇರುವುದು ಹಿಗ್ಗುವುದರಲ್ಲಿ.

ಇಲ್ಲೊಂದು ಸ್ವಾರಸ್ಯವಿದೆ. ಹಿಗ್ಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ಹೇಳಿತು. ಸಿಯೆರಾ ಸಂಸ್ಥೆಯ ಮ್ಯಾಚ್‌ಕಿಂಗ್ ಎಂಬ ಮ್ಯಾಚ್ ಗುಂಡಿನ ತುದಿಯಲ್ಲಿ ರಂಧ್ರವಿದ್ದರೂ ಅದು ತಯಾರಿಕೆಯ ವಿಧಾನದಿಂದ ಉಳಿದದ್ದೇ ಹೊರತು ಹಿಗ್ಗಲೆಂದು ಮಾಡಿದ್ದಲ್ಲ ಎಂಬ ಆಧಾರದ ಮೇಲೆಯೇ, ಅಮೆರಿಕದ ಸೇನೆಯ ಕಾನೂನು ವಿಭಾಗ 1990ರಲ್ಲಿ ಅದರ ಬಳಕೆಗೆ ಒಪ್ಪಿಗೆ ಕೊಟ್ಟಿತು. ಹಾಗಿರುವಾಗ ಅಂಥ ಗುಂಡು ಬೇಟೆಯಲ್ಲಿ ಹಿಗ್ಗುತ್ತದೆಂದು ನಂಬಿ ಹೊರಡುವುದು ನನಗೆ ಸರಿ ಕಾಣುವುದಿಲ್ಲ. ತಯಾರಕರೂ ಅದನ್ನು ಬೇಟೆಗೆ ಶಿಫಾರಸು ಮಾಡುವುದಿಲ್ಲ.

ಉತ್ತರ 3:
ಮೇಲಿನವರ ತೀರ್ಮಾನ ಒಪ್ಪುತ್ತೇನೆ, ಆದರೆ ಎಲ್ಲ ಮ್ಯಾಚ್ ಗುಂಡುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ. ಪ್ಲಾಸ್ಟಿಕ್ ಮೊನೆಯ ಇಎಲ್‌ಡಿ ಮ್ಯಾಚ್ ಸಾಮಾನ್ಯವಾಗಿ ಒಡೆಯುತ್ತದೆ, ಹಲವರು ಜಿಂಕೆಗಳ ಪಕ್ಕೆಲುಬಿನ ನಡುವೆ ಹೊಡೆದು ಫಲ ಕಂಡಿದ್ದಾರೆ. ಕಿರಿದಾದ ರಂಧ್ರವುಳ್ಳ ಹಳೆಯ ಮಾದರಿಗಳಾದರೋ ಕೆಲವೊಮ್ಮೆ ಅರಳದೆಯೇ ಆಚೆಗೆ ಹಾದುಹೋಗುತ್ತವೆ. ಬರ್ಗರ್ ಸಂಸ್ಥೆಯಲ್ಲಂತೂ ಗುರಿ ಅಭ್ಯಾಸದ ಗುಂಡಿನ ಕವಚವೇ ಬೇಟೆಯ ಗುಂಡಿನದಕ್ಕಿಂತ ದಪ್ಪ. ಆದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರಿಗಿಂತ ರಚನೆಯನ್ನು ವಿಚಾರಿಸಬೇಕು. ಎಲ್ಕ್‌ನ ಮೂಳೆ ಮಾತ್ರ ಜಿಂಕೆಯದಲ್ಲ, ನಾನಾದರೆ ಪೂರ್ಣ ತಾಮ್ರದ ಗುಂಡನ್ನೇ ಆರಿಸುತ್ತೇನೆ. ಮಾಂಸದಲ್ಲಿ ಸೀಸದ ಚೂರುಗಳೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸವೇ ನಿಷಿದ್ಧ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ತಾಮ್ರದ ಗುಂಡು ನನ್ನ ನಳಿಗೆಗೆ ಹೊಂದುತ್ತದೆಯೇ? ಗುಂಡನ್ನು ತಿರುಗಿಸಲು ಅದರೊಳಗೆ ಕೊರೆದ ಸುರುಳಿ ಎಂಟು ಅಂಗುಲಕ್ಕೊಂದು ಸುತ್ತು.

ಉತ್ತರ 3:
ಹೊಂದುತ್ತದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗುತ್ತದೆ, ಉದ್ದವಾದಷ್ಟೂ ಅದನ್ನು ಸ್ಥಿರವಾಗಿ ಹಾರಿಸಲು ಹೆಚ್ಚು ಬಿಗಿಯಾದ ಸುರುಳಿ ಬೇಕು, ಆ ಕಾರಣಕ್ಕೆ ತುಸು ಕಡಿಮೆ ತೂಕದ್ದನ್ನು ಆರಿಸುವುದು ವಾಡಿಕೆ. ಬಾರ್ನ್ಸ್ ಸಂಸ್ಥೆಯವರ 127 ಗ್ರೇನ್ ಎಲ್‌ಆರ್‌ಎಕ್ಸ್ ಎಂಬ ತಾಮ್ರದ ಗುಂಡು ನಿಮ್ಮ ನಳಿಗೆಗೆ ತಕ್ಕದ್ದು. ತಾಮ್ರ ಅರಳಲು ವೇಗ ಬೇಕಾಗುವುದರಿಂದ ನಿಮ್ಮ 300 ಗಜದ ಮಿತಿಯನ್ನು ಸಡಿಲಿಸಬೇಡಿ. ಮ್ಯಾಚ್ ಗುಂಡಿಗೆ ಹೊಂದಿಸಿದ ದುರ್ಬೀನು ಇದಕ್ಕೆ ತಾನಾಗಿ ಸರಿಹೋಗುವುದಿಲ್ಲ. ಹೊರಡುವ ಮೊದಲು 100, 200 ಮತ್ತು 300 ಗಜಗಳಲ್ಲಿ ಹೊಸ ಗುಂಡಿನಿಂದಲೇ ಹೊಡೆದು ಹೊಂದಿಸಿಕೊಳ್ಳಿ.