ತಿಳಿನೀರಿನ ಸ್ನಾರ್ಕೆಲಿಂಗ್: ಮುಖ ಮುಳುಗಿಸಿದ ಕೂಡಲೇ ಉಸಿರು ಏರುವುದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ ಈಜು ಚೆನ್ನಾಗಿ ಬರುತ್ತದೆ. ಆದರೂ ಹವಳದ ದಿಬ್ಬಗಳಿರುವ ತಿಳಿಯಾದ ಕಡಲಿನಲ್ಲಿ ಸ್ನಾರ್ಕೆಲ್ (ನೀರಿನ ಮೇಲಿನ ಗಾಳಿಯನ್ನು ಉಸಿರಾಡುವ ಕೊಳವೆ) ಕಚ್ಚಿಕೊಂಡು ಮುಖವನ್ನು ನೀರಿಗಿಳಿಸಿದ ಕೂಡಲೇ ಗಾಳಿ ಸಾಲದೆನಿಸಿ ತಲೆ ಎತ್ತಿಬಿಡುತ್ತೇನೆ. ಮಾಸ್ಕಿನ ಗಾಜೂ ಬೇಗನೆ ಮಂಜಾಗುತ್ತದೆ. ಇನ್ನಷ್ಟು ಉದ್ದದ ಕೊಳವೆಯನ್ನೋ ಇಡೀ ಮುಖ ಮುಚ್ಚುವ ಮಾಸ್ಕನ್ನೋ ಕೊಂಡರೆ ಈ ತೊಂದರೆ ನೀಗೀತೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಉದ್ದದ ಕೊಳವೆಯನ್ನು ಖಂಡಿತ ಕೊಳ್ಳಬೇಡಿ. ನೀವು ಹೊರಬಿಟ್ಟ ಉಸಿರಿನ ಒಂದು ಭಾಗ ಕೊಳವೆಯಲ್ಲೇ ಉಳಿದು ಮರುಕ್ಷಣ ಮತ್ತೆ ಒಳಗೆ ಬರುತ್ತದೆ. ಕೊಳವೆ ಉದ್ದವಾದಷ್ಟೂ ಹೀಗೆ ಮರಳುವ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಗಾಬರಿಯಲ್ಲಿ ಮೇಲೆಮೇಲೆ ಗಿಡ್ಡ ಉಸಿರು ತೆಗೆದುಕೊಂಡರೆ ಆ ಹಳಸಲು ಗಾಳಿಯೇ ಅತ್ತಿತ್ತ ಓಡಾಡುತ್ತದೆ. ಗಾಳಿ ಸಾಲದೆಂಬ ನಿಮ್ಮ ಭಾವನೆಗೆ ಬಹುಮಟ್ಟಿಗೆ ಇದೇ ಕಾರಣವಿರಬೇಕು. ಇಡೀ ಮುಖ ಮುಚ್ಚುವ ಮಾಸ್ಕಿನಲ್ಲಿ, ಅದರ ಕವಾಟಗಳು ಸರಿಯಾಗಿ ಕೆಲಸ ಮಾಡದಿದ್ದರೆ, ಇದೇ ಸಮಸ್ಯೆ ಇನ್ನೂ ದೊಡ್ಡದಾಗುತ್ತದೆ. ಅಪಾಯದ ಹೊತ್ತಿನಲ್ಲಿ ಅದನ್ನು ಬಾಯಿಂದ ಉಗುಳಿಬಿಡುವಂತೆಯೂ ಇಲ್ಲ.

ಸೊಂಟದ ಮಟ್ಟದ ಶಾಂತ ನೀರಿನಲ್ಲಿ, ಕಾಲಡಿಯಲ್ಲಿ ಮರಳಿರುವ ಕಡೆ ನಿಂತು, ಮುಖವನ್ನು ಮಾತ್ರ ಮುಳುಗಿಸಿ. ಒಳಗೆಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ದೀರ್ಘವಾಗಿರಲಿ. ಉಸಿರಿನ ಸದ್ದು ಒಂದೇ ಲಯಕ್ಕೆ ಬಂದ ಮೇಲೆಯೇ ಕಾಲೆತ್ತಿ ತೇಲಿ. ಆದರೆ ಸುಮ್ಮನೆ ತೇಲುತ್ತಿರುವಾಗಲೂ ಏದುಸಿರು ಇಳಿಯದಿದ್ದರೆ, ಅಥವಾ ಕೆಮ್ಮು ಬಂದರೆ, ಅದನ್ನು ಅಂಜಿಕೆಯೆಂದು ತಳ್ಳಿಹಾಕದೆ ಕೂಡಲೇ ನೀರಿನಿಂದ ಹೊರಗೆ ಬನ್ನಿ. ನೀರಿನಲ್ಲಿರುವಾಗ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವ ಸ್ಥಿತಿಯೂ ಉಂಟು. ಹೃದಯದ ತೊಂದರೆ ಅಥವಾ ರಕ್ತದೊತ್ತಡ ಇರುವವರು ಮೊದಲೇ ವೈದ್ಯರನ್ನು ಕೇಳುವುದು ಅಗತ್ಯ.

ಉತ್ತರ 2

ಗಾಜಿನ ಬಗ್ಗೆ ಎರಡು ಮಾತು. ಹೊಸ ಮಾಸ್ಕಿನ ಗಾಜಿನ ಒಳಬದಿಯಲ್ಲಿ ತಯಾರಿಕೆಯ ಸಮಯದ ತೆಳು ಪೊರೆ ಉಳಿದಿರುತ್ತದೆ. ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆದರೆ ಅದು ಹೋಗುತ್ತದೆ. ಪ್ರತಿ ಸಲ ಇಳಿಯುವ ಮೊದಲು ಎಂಜಲನ್ನೋ ಮಕ್ಕಳ ಶಾಂಪೂವನ್ನೋ ಸವರಿ, ಒಮ್ಮೆ ಮಾತ್ರ ನೀರಾಡಿಸಿ. ಮೂಗಿನಿಂದ ಉಸಿರು ಬಿಡುತ್ತಿದ್ದರೆ ಎಷ್ಟು ಸವರಿದರೂ ಗಾಜು ಮಂಜಾಗುತ್ತದೆ ಎಂಬುದನ್ನೂ ಗಮನಿಸಿ. ಕೊಳ್ಳುವಾಗ ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೊತ್ತಿ ಮೂಗಿನಿಂದ ಸ್ವಲ್ಪ ಗಾಳಿ ಎಳೆದುಕೊಳ್ಳಿ. ಕೈಬಿಟ್ಟರೂ ಅದು ಅಂಟಿಕೊಂಡಿದ್ದರೆ ಅಳತೆ ಸರಿಯಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ತಳದ ಮರಳೂ ಕಾಣುವಷ್ಟು ನೀರು ತಿಳಿಯಾಗಿದ್ದರೆ ಅಪಾಯವೂ ಕಡಿಮೆಯೆಂದು ಭಾವಿಸಬಹುದೇ?

ಉತ್ತರ 3

ಹಾಗೆ ಭಾವಿಸಬಾರದು. ಪೋಷಕಾಂಶಗಳು ಕಡಿಮೆಯಿದ್ದು ಸೂಕ್ಷ್ಮಜೀವಿಗಳು ವಿರಳವಾಗಿರುವುದರಿಂದ ಆ ನೀರು ತಿಳಿಯಾಗಿದೆಯೇ ಹೊರತು, ಅದರ ಸೆಳೆತಕ್ಕೂ ತಿಳಿತನಕ್ಕೂ ಸಂಬಂಧವಿಲ್ಲ. ಬೆಳಕು ನೀರಿನಿಂದ ಮಾಸ್ಕಿನೊಳಗಿನ ಗಾಳಿಗೆ ದಾಟುವಾಗ ಬಾಗುವುದರಿಂದ 4 ಮೀಟರ್ ದೂರದ ಹವಳ 3 ಮೀಟರಿನಲ್ಲೇ ಇರುವಂತೆ ಕಾಣುತ್ತದೆ. ದಿಬ್ಬದ ಮೇಲೆ ಅಲೆಗಳು ಒಡೆದು ಒಳಗೆ ನುಗ್ಗಿಸಿದ ನೀರು ದಿಬ್ಬದ ನಡುವಿನ ಕಂದರಗಳ ಮೂಲಕವೇ ಹೊರಕ್ಕೆ ಹರಿಯಬೇಕು. ಅಂಥ ಜಾಗದಲ್ಲಿ ಮೇಲ್ಮೈ ನಯವಾಗಿದ್ದರೂ ಸೆಳೆತ ಬಲವಾಗಿರುತ್ತದೆ. ಕೈಕಾಲು ಆಡಿಸದೆ ಸ್ವಲ್ಪ ಹೊತ್ತು ತೇಲಿ, ಕೆಳಗಿನ ಒಂದು ಬಂಡೆಯನ್ನು ಗುರುತಿಟ್ಟು ನೋಡಿ. ಅದು ಹಿಂದೆ ಸರಿಯುತ್ತಿದ್ದರೆ ನೀರು ನಿಮ್ಮನ್ನು ಒಯ್ಯುತ್ತಿದೆ ಎಂದರ್ಥ. ಶಕ್ತಿ ಇರುವ ಮೊದಲ ಹೊತ್ತಿನಲ್ಲಿ ಸೆಳೆತಕ್ಕೆದುರಾಗಿ ಹೋಗಿ, ಬಳಲಿದ ಮೇಲೆ ಅದರ ಜೊತೆಗೇ ಮರಳುವಂತೆ ದಾರಿ ಹಾಕಿಕೊಳ್ಳಿ. ಜೊತೆಗಾರರಿಲ್ಲದೆ ಇಳಿಯಬೇಡಿ.

ಮುಳುಗಿ ನೋಡುವ ಆಸೆಯಾದರೆ, ಮೊದಲು ಜೋರುಜೋರಾಗಿ ಉಸಿರಾಡಿ ಸಿದ್ಧವಾಗುವ ಅಭ್ಯಾಸ ಬೇಡವೇ ಬೇಡ. ಅದರಿಂದ ಆಮ್ಲಜನಕ ಹೇಳುವಷ್ಟು ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಆಗ ಉಸಿರಾಡಬೇಕೆಂಬ ತುಡಿತ ಬರುವ ಮೊದಲೇ ಪ್ರಜ್ಞೆ ತಪ್ಪಬಹುದು.

ಹವಳದ ಮೇಲೆ ಮಾತ್ರ ಎಂದೂ ನಿಲ್ಲಬೇಡಿ. ಅದು ಜೀವಂತ ಪ್ರಾಣಿಗಳ ಸಮೂಹ. ಅನೇಕ ಜಾತಿಗಳು ವರ್ಷಕ್ಕೆ ಬೆಳೆಯುವುದು ಒಂದೆರಡು ಸೆಂಟಿಮೀಟರ್ ಮಾತ್ರ. ಸನ್‌ಸ್ಕ್ರೀನ್ ವಿಷಯದಲ್ಲೂ ಎಚ್ಚರ ಬೇಕು: ಹವಳಕ್ಕೆ ಹಾನಿ ಮಾಡಬಹುದಾದ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವವುಗಳನ್ನು ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಪಲಾವು 2020ರಿಂದ ನಿಷೇಧಿಸಿದೆ, ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟವಿಲ್ಲ. ಬೆನ್ನು ಸುಡದಿರಲು ಉದ್ದ ತೋಳಿನ ಈಜುಡುಗೆಯೇ ಮೇಲು. ಒಮ್ಮೆ ಉಸಿರು ಹದಕ್ಕೆ ಬಂದರೆ ಕೊಳವೆಯ ಸದ್ದಿನ ನಡುವೆ ಕಟಕಟ ಎಂಬ ಇನ್ನೊಂದು ಸದ್ದೂ ಕೇಳುತ್ತದೆ. ಅದು ಗಿಳಿಮೀನು ಹವಳದ ಬಂಡೆಯಿಂದ ಪಾಚಿಯನ್ನು ಕೆರೆದು ತಿನ್ನುವ ಸದ್ದು. ಅಲ್ಲೇ ಅಲುಗಾಡದೆ ತೇಲುತ್ತಿರಿ, ಅದು ತಾನಾಗಿಯೇ ಹತ್ತಿರ ಬರಬಹುದು. ಬೆನ್ನಟ್ಟಿದರೆ ಖಂಡಿತ ಸಿಗದು.