ಸ್ಟ್ರಿಂಗ್ ಕ್ವಾರ್ಟೆಟ್ ಕಛೇರಿಗೆ ಫಸ್ಟ್ ಟೈಮ್ ಹೋಗ್ತಿದೀನಿ, ಏನ್ ಕೇಳ್ಬೇಕು?

ಬೆಲ್ಲದಚ್ಚು:
ಎಲ್ರಿಗೂ ನಮಸ್ಕಾರ. ಲಂಡನ್‌ಗೆ ಬಂದು ಎರಡು ವರ್ಷ ಆಯ್ತು, ವೆಸ್ಟರ್ನ್ ಕ್ಲಾಸಿಕಲ್ ಕಡೆ ಇಲ್ಲಿವರ್ಗೂ ತಲೆ ಹಾಕಿ ಮಲಗಿದೋನಲ್ಲ. ಆಫೀಸಲ್ಲಿ ಪಕ್ಕದ ಸೀಟಿನವರು ತಮಗೆ ಹೋಗಕ್ಕಾಗಲ್ಲ ಅಂತ ವಿಗ್ಮೋರ್ ಹಾಲ್ ಅನ್ನೋ ಸಂಗೀತ ಸಭಾಂಗಣದ ಟಿಕೆಟ್ ಒಂದು ಕೊಟ್ಟಿದಾರೆ, ಈ ಶುಕ್ರವಾರ ಸಂಜೆ. ಸ್ಟ್ರಿಂಗ್ ಕ್ವಾರ್ಟೆಟ್ ಅಂದ್ರೆ ಎರಡು ಪಿಟೀಲು, ಒಂದು ವಯೋಲಾ (ಸ್ವಲ್ಪ ದೊಡ್ಡ ಪಿಟೀಲು), ಒಂದು ಚೆಲ್ಲೋ (ಕಾಲ ಮಧ್ಯೆ ಇಟ್ಕೊಂಡು ನುಡಿಸೋ ಇನ್ನೂ ದೊಡ್ಡದು). ಮೊದಲು ಹೈಡನ್ ಅನ್ನೋ ಸಂಗೀತಗಾರ ಬರೆದ ಓಪಸ್ (ಕೃತಿ ಸಂಖ್ಯೆ) 76 ನಂ. 3, ಇಂಟರ್ವಲ್ ಆದ್ಮೇಲೆ ಬೀಥೋವನ್ ಬರೆದ ಓಪಸ್ 132. ನಂದು ಚಿಕ್ಕ ವಯಸ್ಸಿಂದ ಅಪ್ಪನ ಜೊತೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿ ಕೇಳಿದ ಕಿವಿ, ಅಲ್ಲಿ ಹಾಡೋರು ಮಧ್ಯೆ ಪಕ್ಕವಾದ್ಯ ಆಚೀಚೆ, ನಾವು ತೊಡೆ ಮೇಲೆ ತಾಳ ಹಾಕ್ಕೊಂಡು ಕೂತ್ರೆ ಆಯ್ತು. ಇಲ್ಲಿ ತಂಬೂರಿನೂ ಇಲ್ಲ ಮೃದಂಗನೂ ಇಲ್ಲ, ನಾಲ್ಕು ಜನರಲ್ಲಿ ಯಾರನ್ನ ನೋಡೋದು? ಚಪ್ಪಾಳೆ ಯಾವಾಗ ಹೊಡೀಬೇಕು? ಮಾನ ಉಳಿಸಿ.

ಸುಮ್ನೆ_ಕೇಳ್ತೀನಿ:
ಚಪ್ಪಾಳೆ ವಿಷ್ಯದಲ್ಲಿ ನನ್ನಷ್ಟು ಮಾನ ಕಳ್ಕೊಂಡೋರು ಯಾರೂ ಇಲ್ಲ ಬಿಡಿ 😀 ಒಂದು ಕೃತೀಲಿ ಸಾಮಾನ್ಯವಾಗಿ ನಾಲ್ಕು ಭಾಗ ಇರತ್ತೆ, ಮಧ್ಯೆ ಮಧ್ಯೆ ನಿಲ್ಲಿಸ್ತಾರೆ, ಆಗ ಎಲ್ರೂ ಕೆಮ್ಮಿಕೊಳ್ತಾರೆ ಅಷ್ಟೆ, ಚಪ್ಪಾಳೆ ಇಲ್ಲ, ಪೂರ್ತಿ ಮುಗಿದ್ಮೇಲೇ. ಇದೆಲ್ಲ ಗೊತ್ತಿದ್ದೂ ಒಂದ್ಸಲ ಹೈಡನ್‌ನ ಓಪಸ್ 33 ನಂ. 2 ಕೇಳಕ್ಕೆ ಹೋಗಿದ್ದೆ, ಕೊನೇಲಿ ನಿಲ್ಲಿಸಿದ್ರು, ಜೋರಾಗಿ ಹೊಡೆದೆ, ನೋಡಿದ್ರೆ ಮತ್ತೆ ಶುರು. ಆಮೇಲೆ ಗೊತ್ತಾಯ್ತು ಆ ಮಹಾನುಭಾವ ಜನ ಯಾಮಾರಲಿ ಅಂತ ಬೇಕಂತಲೇ ಹಾಗೆ ಬರೆದಿದ್ದು, ಅದರ ಹೆಸರೇ ಜೋಕ್ ಅಂತೆ. ಆದ್ರಿಂದ ಒಂದೇ ಸೂತ್ರ: ನಾಲ್ಕೂ ಜನ ಕಮಾನು ಕೆಳಗಿಳಿಸಿ ಮುಖ ಸಡಿಲ ಮಾಡೋವರ್ಗೂ ಕೈ ಎತ್ತಬೇಡಿ.

ಪಿಟೀಲು_ಪ್ರಿಯೆ:
ಯಾರನ್ನ ನೋಡೋದು ಅಂದ್ರಲ್ಲ, ನಿಮ್ಮ ಹೈಡನ್‌ನ ಎರಡನೇ ಭಾಗದಲ್ಲೇ ಉತ್ತರ ಇದೆ. ಆ ಧಾಟಿ ಆಸ್ಟ್ರಿಯಾ ಆಳ್ತಿದ್ದ ಚಕ್ರವರ್ತಿ ಫ್ರಾನ್ಸಿಸ್‌ಗೋಸ್ಕರ 1797ರಲ್ಲಿ ಕಟ್ಟಿದ್ದು, ಇವತ್ತಿನ ಜರ್ಮನಿ ರಾಷ್ಟ್ರಗೀತೆ ಧಾಟಿ ಅದೇ, ಫುಟ್‌ಬಾಲ್ ನೋಡೋರಾದ್ರೆ ತಕ್ಷಣ ಹಿಡೀತೀರ. ಮೊದಲು ಫಸ್ಟ್ ವಯಲಿನ್ ನುಡಿಸ್ತಾರೆ. ಆಮೇಲೆ ಸೆಕೆಂಡ್ ವಯಲಿನ್, ಆಗ ಫಸ್ಟ್‌ನವರು ಮೇಲೆ ಕಸೂತಿ ಹಾಕ್ತಿರ್ತಾರೆ, ಉಳಿದಿಬ್ಬರು ಕೈಕಟ್ಟಿ ಕೂತಿರ್ತಾರೆ. ಆಮೇಲೆ ಚೆಲ್ಲೋ, ಆಮೇಲೆ ವಯೋಲಾ, ಕೊನೆಗೆ ಮತ್ತೆ ಫಸ್ಟ್. ಧಾಟಿ ಒಂದು ಸ್ವರಾನೂ ಬದಲಾಗಲ್ಲ, ಸುತ್ತಲಿನವರು ಬದಲಾಗ್ತಾರೆ. ನಮ್ಮಲ್ಲಿ ನೆರವಲ್‌ನಲ್ಲಿ ಸಾಹಿತ್ಯದ ಸಾಲು ಹಾಗೇ ಇಟ್ಟು ಧಾಟಿ ಹೊಸದು ಮಾಡ್ತೀವಿ, ಇದು ಉಲ್ಟಾ. ಇಲ್ಲಿ ಪಕ್ಕವಾದ್ಯ ಅಂತ ಯಾರೂ ಇಲ್ಲ, ಸರದಿ ಮೇಲೆ ಎಲ್ರೂ ಪಕ್ಕವಾದ್ಯಾನೇ. ತಾಳ ಬೇಕಂದ್ರೆ ಫಸ್ಟ್ ವಯಲಿನ್‌ನವರ ಮೂಗು ಕೇಳಿಸ್ಕೊಳ್ಳಿ, ಶುರು ಮಾಡೋಕೆ ಮುಂಚೆ ಸುಂಯ್ ಅಂತ ಉಸಿರೆಳೀತಾರೆ, ಆ ಉಸಿರಲ್ಲೇ ನಡೆ ಗೊತ್ತಾಗತ್ತೆ. ತೊಡೆ ತಟ್ಟೋದು ಮಾತ್ರ ಬೇಡ ಮಾರಾಯ್ರೇ.

ಮೇಚಕ:
ಬೀಥೋವನ್ ಮೂರನೇ ಭಾಗಕ್ಕೆ ಕಾಯಿರಿ. 1825ರಲ್ಲಿ ಹೊಟ್ಟೆ ಕಾಯಿಲೆಯಿಂದ ಮಲಗಿಬಿಟ್ಟಿದ್ದ, ಎದ್ದ ಮೇಲೆ ದೇವರಿಗೆ ಕೃತಜ್ಞತೆ ಹೇಳಿ ಬರೆದಿದ್ದು, ಲಿಡಿಯನ್ ಮೋಡ್ (ಹಳೇ ಕಾಲದ ಒಂದು ಸ್ವರಶ್ರೇಣಿ) ಅಂತ ತಾನೇ ಮೇಲೆ ಬರ್ಕೊಂಡಿದಾನೆ. ಎಫ್ ಅನ್ನೋ ಸ್ವರಾನ ಷಡ್ಜ (ಸ) ಮಾಡ್ಕೊಂಡ್ರೆ ಪ್ರತಿ ಮಧ್ಯಮ (ಏರಿಸಿದ ಮ), ಉಳಿದದ್ದೆಲ್ಲ ತೀವ್ರ, ಅಂದ್ರೆ ನಮ್ಮ ಕಲ್ಯಾಣಿ ರಾಗ! ಮಧ್ಯೆ ಎರಡು ಸಲ ಹೊಸ ಶಕ್ತಿ ಬಂತು ಅಂತ ಕುಣಿಯೋ ಭಾಗ ಬರತ್ತೆ, ಮತ್ತೆ ಅದೇ ನಿಧಾನಕ್ಕೆ ವಾಪಸ್. ಕಾಲು ಗಂಟೆಗೂ ಜಾಸ್ತಿ.

ಪಿಟೀಲು_ಪ್ರಿಯೆ:
ಸ್ವರ ಕಲ್ಯಾಣೀದು, ರಾಗ ಕಲ್ಯಾಣಿ ಅಲ್ಲ. ಗಮಕ, ಅಂದ್ರೆ ಸ್ವರ ತೂಗಾಡಿಸೋದು, ಎಲ್ಲಿದೆ? ಅದೂ ಅಲ್ದೆ ತಂಬೂರಿ ಇಲ್ಲದ್ರಿಂದ ಷಡ್ಜ ಗಟ್ಟಿಯಾಗಿ ಕೂರಲ್ಲ, ಸುಮಾರು ಕಡೆ ಕಿವಿ ಸಿ ಅನ್ನೋ ಸ್ವರದ ಕಡೆಗೇ ಜಾರತ್ತೆ, ಆಗ ಅದು ಶಂಕರಾಭರಣ ಥರ ಕೇಳತ್ತೆ. ಶಂಕರಾಭರಣದ ಮಧ್ಯಮಕ್ಕೆ ಗ್ರಹಭೇದ ಮಾಡಿದ್ರೆ, ಅಂದ್ರೆ ಆ ಮಧ್ಯಮಾನೇ ಷಡ್ಜ ಮಾಡ್ಕೊಂಡ್ರೆ, ಕಲ್ಯಾಣಿ ಅಲ್ವಾ, ಆ ಹೊಯ್ದಾಟಾನೇ ಅಲ್ಲಿ ಮಜಾ.

ಮೇಚಕ:
ಒಪ್ಪಿದೆ, ಆದ್ರೂ ನಂಗೆ ಕಲ್ಯಾಣೀನೇ ಕೇಳೋದು 🙂

ಬೆಲ್ಲದಚ್ಚು:
ಹೋಗಿ ಬಂದೆ. ದೊಡ್ಡ ಸಭಾಂಗಣ ಅನ್ಕೊಂಡಿದ್ದೆ, ಐನೂರೈವತ್ತು ಸೀಟು ಅಷ್ಟೇ, 1901ರದ್ದಂತೆ, ಮೈಕ್ ಇಲ್ಲ, ಆದ್ರೂ ಹಿಂದಿನ ಸಾಲಿಗೆ ಕಮಾನಿಗೆ ಹಚ್ಚೋ ರೋಸಿನ್ (ಅಂಟು) ಕರಕರ ಅನ್ನೋದೂ ಕೇಳ್ಸತ್ತೆ. ಮೈಕ್ ಅಡ್ಜಸ್ಟ್ ಮಾಡಿ ಮಾಡಿ ಅರ್ಧ ಗಂಟೆ ಕಳೆಯೋ ನಮ್ಮೂರ ಕಛೇರಿಗಳು ನೆನಪಾದ್ವು. ಉಸಿರು ಕೇಳ್ಸಿತು! ವಯೋಲಾ ನುಡಿಸೋರು ತನ್ನ ಸರದಿ ಬಂದಾಗ ಕುರ್ಚೀಲಿ ಒಂದು ಇಂಚು ಮುಂದೆ ಸರಿದ್ರು, ಮುಗಿದ ಕೂಡ್ಲೇ ಹಿಂದೆ. ಬೀಥೋವನ್ ಮೂರನೇ ಭಾಗದಲ್ಲಿ ತಾಳ ಹುಡುಕಿ ಹುಡುಕಿ ಸೋತು ಬಿಟ್ಬಿಟ್ಟೆ. ಕಲ್ಯಾಣಿ ಒಂದೆರಡು ಕಡೆ ಸಿಕ್ತು, ಹಿಡ್ಕೊಳ್ಳೋಷ್ಟ್ರಲ್ಲಿ ಜಾರಿತು, ಹಾಗಾಗಿ ಇಬ್ರೂ ಗೆದ್ರಿ. ಅಪ್ಪಂಗೆ ಬೆಳಿಗ್ಗೆ ಅದರ ರೆಕಾರ್ಡಿಂಗ್ ಫೋನಲ್ಲಿ ಕೇಳಿಸಿದೆ, ಎರಡು ನಿಮಿಷ ಸುಮ್ನಿದ್ದು "ಇವ್ರು ಯಾವಾಗ ಶುರು ಮಾಡ್ತಾರೆ?" ಅಂದ್ರು 😂

ಬೀಥೋವನ್‌ದೇ ಓಪಸ್ 131ರಲ್ಲಿ ಏಳು ಭಾಗಾನೂ ನಿಲ್ಲಿಸ್ದೇ ನುಡಿಸ್ತಾರಂತೆ, ಚಪ್ಪಾಳೆ ತಲೆನೋವೇ ಇಲ್ಲ. ಎಲ್ಲಾದ್ರೂ ಇದ್ರೆ ಹೇಳಿ, ಈ ಸಲ ದುಡ್ಡು ಕೊಟ್ಟೇ ಹೋಗ್ತೀನಿ.